ನಿನ್ನ ವೇಗ ಬೇಡ, ಜಾಗ ಕೊಡು: ವೇಗದ ಹಾರ್ಡ್ ಡಿಸ್ಕಿಗೊಂದು ಬಹಿರಂಗ ಪತ್ರ

ನಿಮಿಷಕ್ಕೆ 7,200 ಸುತ್ತು ತಿರುಗುವ, ಅದನ್ನೂ ಮೀರಿ 10,000, 15,000 ಸುತ್ತು ತಿರುಗಿ ತೋರಿಸಿದ ಹಾರ್ಡ್ ಡಿಸ್ಕೇ,

ಪತ್ರ ನಿನ್ನ ಹೆಸರಿಗಿದ್ದರೂ ಓದಬೇಕಾದವರು ಬಹಳ ಮಂದಿ ಇದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೇಬಿನ ದುಡ್ಡನ್ನು ಮನಸ್ಸಿನಲ್ಲೇ ಎಣಿಸುತ್ತ ಅಂಗಡಿಯಿಂದ ಅಂಗಡಿಗೆ ಅಲೆಯುವ ವಿದ್ಯಾರ್ಥಿ, ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರು, ಮಕ್ಕಳ ಓದಿಗೆಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುತ್ತಿರುವ ತಂದೆತಾಯಿ. ಇವರೆಲ್ಲರ ಪ್ರಶ್ನೆ ಒಂದೇ. ಇರುವ ಇಷ್ಟು ದುಡ್ಡಿಗೆ ವೇಗದ ಹಾರ್ಡ್ ಡಿಸ್ಕ್ ತಗೊಳ್ಳೋದಾ, ಚಿಕ್ಕದಾದರೂ ಸರಿ ಎಸ್‌ಎಸ್‌ಡಿ ತಗೊಳ್ಳೋದಾ? ನನ್ನ ಉತ್ತರ ನಿನ್ನ ವಿರುದ್ಧವಾಗಿದೆ. ಇಷ್ಟು ವರ್ಷ ದುಡಿದವನ ಬಗ್ಗೆ ಬೆನ್ನ ಹಿಂದೆ ಮಾತಾಡುವುದು ತರವಲ್ಲ. ಅದಕ್ಕೇ ನಿನಗೇ ನೇರವಾಗಿ ಬರೆಯುತ್ತಿದ್ದೇನೆ.

ಮೊದಲು ನಿನಗೆ ಸಲ್ಲಬೇಕಾದ್ದು ಸಲ್ಲಲಿ. 1956ರಲ್ಲಿ ಐಬಿಎಂ ತನ್ನ ರಾಮ್ಯಾಕ್ ಯಂತ್ರದ ಜೊತೆ ಹೊರತಂದ ನಿನ್ನ ಮೂಲಪುರುಷನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ತಟ್ಟೆಗಳಲ್ಲಿ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ; ತಿರುಗುತ್ತಿದ್ದದ್ದು ನಿಮಿಷಕ್ಕೆ 1,200 ಸುತ್ತು. ಈಗ ಅಂಗೈಯಲ್ಲಿ ಹಿಡಿಯಬಹುದಾದ ನಿನ್ನ ಮೂರೂವರೆ ಇಂಚಿನ ದೇಹದೊಳಗೆ, 7,200 ಸುತ್ತಿನಲ್ಲಿ, ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಯನ್ನು ತಾಗದೆ, ಓದುವ ಹೆಡ್ ತೇಲುತ್ತದೆ. ಕರೆಂಟು ಹಠಾತ್ತನೆ ಹೋದರೆ ಇನ್ನೂ ತಿರುಗುತ್ತಿರುವ ತಟ್ಟೆಗಳ ಬಲದಿಂದಲೇ ನಿನ್ನ ಮೋಟರು ಒಂದಿಷ್ಟು ವಿದ್ಯುತ್ ಹುಟ್ಟಿಸಿ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸಿಬಿಡುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರುಗಳಲ್ಲಿ, ಯುಪಿಎಸ್ ಕೂಡ ಇಲ್ಲದ ಮೇಜುಗಳ ಕೆಳಗೆ, ನೀನು ವರ್ಷಗಟ್ಟಲೆ ಬಾಳಿದ್ದು ಹೀಗೆ. ಸಾಮಾನ್ಯರ ಕೈಗೆಟುಕುವ ಬೆಲೆಗೆ ಮನೆಮನೆ ಸೇರಿದ ಯಂತ್ರಗಳಲ್ಲಿ ಇಷ್ಟು ನಾಜೂಕಿನದು ಇನ್ನೊಂದನ್ನು ನಾನು ಕಾಣೆ.

ನಿನ್ನ ವಂಶದಲ್ಲಿ ವೇಗದ ಕವಲೊಂದು ಬೇರೆಯೇ ಬೆಳೆಯಿತು. 1992ರಲ್ಲಿ ಸೀಗೇಟ್ ಕಂಪನಿಯ ಬಾರಾಕುಡಾ ಮೊದಲ ಸಲ 7,200 ಸುತ್ತು ಮುಟ್ಟಿತು. 1996ರಲ್ಲಿ ಅದೇ ಕಂಪನಿಯ ಚೀಟಾ 10,000ಕ್ಕೆ ಏರಿತು, 2000ದಲ್ಲಿ 15,000ಕ್ಕೆ. ಅವು ಬ್ಯಾಂಕುಗಳ, ದೊಡ್ಡ ಕಚೇರಿಗಳ ಸರ್ವರ್‌ಗಳಲ್ಲಿ ಕೂತವು. 2003ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ರ‍್ಯಾಪ್ಟರ್ ಎಂಬ 10,000 ಸುತ್ತಿನ ಡಿಸ್ಕನ್ನು ಮನೆಯ ಕಂಪ್ಯೂಟರಿಗೂ ತಂದಿತು. ಬರೀ 36 ಜಿಬಿ, ಆದರೆ ಆಟ ಆಡುವವರು, ವಿಡಿಯೋ ಎಡಿಟ್ ಮಾಡುವವರು ಅದಕ್ಕಾಗಿ ಹಂಬಲಿಸಿದರು. 2008ರಲ್ಲಿ ಬಂದ ವೆಲಾಸಿರ‍್ಯಾಪ್ಟರ್ 300 ಜಿಬಿ ಹಿಡಿಸುತ್ತಿತ್ತು. ಎರಡೂವರೆ ಇಂಚಿನ ಡಿಸ್ಕನ್ನು ಮೂರೂವರೆ ಇಂಚಿನ ದಪ್ಪ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದ್ದರು, ಬಿಸಿ ತಡೆಯಲೆಂದು. ಒಂದು ಕಾಲದ ಯಂತ್ರವಿದ್ಯೆ ತನ್ನ ತುದಿ ಮುಟ್ಟಿದ ಗುರುತು ಅದು.

ಇಷ್ಟೆಲ್ಲ ಶ್ರಮಪಟ್ಟು ಸುತ್ತು ಹೆಚ್ಚಿಸಿದ್ದರಿಂದ ಕೊಂಡವರಿಗೆ ಸಿಕ್ಕಿದ್ದೆಷ್ಟು? ಲೆಕ್ಕ ಹಾಕೋಣ. ಬೇಕಾದ ಮಾಹಿತಿ ತಟ್ಟೆಯ ಮೇಲೆ ಎಲ್ಲೋ ಒಂದು ಕಡೆ ಇರುತ್ತದೆ. ಹೆಡ್ ಮೊದಲು ಆ ಮಾಹಿತಿಯ ಸಾಲಿಗೆ ಸರಿಯಬೇಕು. ಆಮೇಲೆ ಆ ತುಣುಕು ತಿರುಗಿ ತನ್ನ ಕೆಳಗೆ ಬರುವ ತನಕ ಕಾಯಬೇಕು, ಜಾತ್ರೆಯ ದೊಡ್ಡ ತೊಟ್ಟಿಲಿನಲ್ಲಿ ನಮ್ಮ ಮಗು ಕೂತ ಪೆಟ್ಟಿಗೆ ಕೆಳಗಿಳಿದು ಬರುವ ತನಕ ನಾವು ಕಾಯುವ ಹಾಗೆ. 7,200 ಸುತ್ತಿನ ಡಿಸ್ಕಿಗೆ ಒಂದು ಸುತ್ತು ಮುಗಿಯಲು 8.33 ಮಿಲಿಸೆಕೆಂಡ್ ಬೇಕು. ಸರಾಸರಿ ಅರ್ಧ ಸುತ್ತು ಕಾದರೆ 4.17. ಹೆಡ್ ಸರಿಯಲು ಇನ್ನೊಂದು ಎಂಟೊಂಬತ್ತು. ಅಲ್ಲಿಗೆ ಒಂದು ಹುಡುಕಾಟಕ್ಕೆ ಹದಿಮೂರು ಮಿಲಿಸೆಕೆಂಡ್ ಹತ್ತಿರ. ಸೆಕೆಂಡಿಗೆ ಹೆಚ್ಚೆಂದರೆ ಎಂಬತ್ತು ಹುಡುಕಾಟ. 10,000 ಸುತ್ತಿನವನು ಅದನ್ನು ನೂರ ನಲವತ್ತರ ಆಸುಪಾಸಿಗೆ ಏರಿಸಿದ, 15,000 ಸುತ್ತಿನವನು ನೂರ ಎಂಬತ್ತಕ್ಕೆ. ಸುತ್ತು ದುಪ್ಪಟ್ಟಾದರೆ ಕೆಲಸವೂ ಹೆಚ್ಚುಕಮ್ಮಿ ದುಪ್ಪಟ್ಟು. ಇನ್ನೂ ಮೇಲೆ ಹೋಗಲು ದಾರಿ ಇರಲಿಲ್ಲ.

2008ರ ಕೊನೆಯ ಭಾಗದಲ್ಲಿ ಇಂಟೆಲ್ ಕಂಪನಿ ಹೊರತಂದ ಎಕ್ಸ್25-ಎಂ ಎಂಬ ಎಸ್‌ಎಸ್‌ಡಿ ಅದೇ ಹುಡುಕಾಟವನ್ನು 85 ಮೈಕ್ರೋಸೆಕೆಂಡಿನಲ್ಲಿ ಮುಗಿಸಿತು. ಮಿಲಿಸೆಕೆಂಡ್ ಅಲ್ಲ, ಮೈಕ್ರೋಸೆಕೆಂಡ್. ನಿನಗಿಂತ ನೂರೈವತ್ತು ಪಟ್ಟು ಬೇಗ. ಅದರೊಳಗೆ ಏನೂ ತಿರುಗುವುದಿಲ್ಲ, ಏನೂ ಸರಿಯುವುದಿಲ್ಲ. ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಾಸುಒಕಾ ಮತ್ತು ಸಂಗಡಿಗರು 1987ರಲ್ಲಿ ಜಗತ್ತಿನ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಚಿಪ್ಪುಗಳು ಮಾತ್ರ. ಮಾಹಿತಿ ಎಲ್ಲಿದ್ದರೂ ಒಂದೇ ದೂರ.

ಕಂಪ್ಯೂಟರ್ ಆನ್ ಮಾಡಿದ ಮೇಲೆ ವಿಂಡೋಸ್ ಕೇಳುವುದು ಒಂದು ದೊಡ್ಡ ಫೈಲನ್ನಲ್ಲ, ಸಾವಿರಾರು ಚೂರುಗಳನ್ನು. ಅಪ್‌ಡೇಟ್ ಒಂದು ಕಡೆ, ಆಂಟಿವೈರಸ್ ಇನ್ನೊಂದು ಕಡೆ, ಬ್ರೌಸರ್ ಮತ್ತೊಂದು ಕಡೆ ನಿನ್ನ ಹೆಡ್ಡನ್ನು ಎಳೆದಾಡುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದವರಿಗೆ ಡಿಸ್ಕ್ 100 ಪರ್ಸೆಂಟ್ ಎಂದು ಕಾಣುತ್ತದೆ, ಅದೇ ಹೊತ್ತಿನಲ್ಲಿ ಓದುತ್ತಿರುವುದು ಸೆಕೆಂಡಿಗೆ ಒಂದು ಎಂಬಿ. ‘ಸಿಸ್ಟಮ್ ಸ್ಲೋ ಆಗಿದೆ, ವೈರಸ್ ಬಂದಿದೆ’ ಎಂದು ಫಾರ್ಮ್ಯಾಟ್ ಮಾಡಿಸಿ, ಮತ್ತೆ ವಿಂಡೋಸ್ ಹಾಕಿಸಿ, ದುಡ್ಡು ಕೊಟ್ಟು ಮನೆಗೆ ಬಂದರೆ ಕೆಲವೇ ವಾರಕ್ಕೆ ಮತ್ತದೇ ಕತೆ. ನೀನು ಕೆಟ್ಟಿರಲಿಲ್ಲ, ಪ್ರಾಮಾಣಿಕವಾಗಿ ದುಡಿಯುತ್ತಲೇ ಇದ್ದೆ. ನಿನ್ನಿಂದಾಗದ ಕೆಲಸವನ್ನು ನಿನಗೆ ಕೊಟ್ಟಿದ್ದರು, ಅಷ್ಟೆ.

ಸುತ್ತು ಹೆಚ್ಚಿಸಲು ಅಡ್ಡಿಯಾದದ್ದು ಗಾಳಿ ಮತ್ತು ಬಿಸಿ. ವೇಗ ಏರಿದಷ್ಟೂ ತಟ್ಟೆಗಳು ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ: ಸುತ್ತು ದುಪ್ಪಟ್ಟು ಮಾಡಿದರೆ ಶಕ್ತಿ ಸುಮಾರು ಎಂಟು ಪಟ್ಟು. ಹಾಗಾಗಿ ವೇಗದ ಡಿಸ್ಕುಗಳ ತಟ್ಟೆಯನ್ನು ಕಿರಿದು ಮಾಡಬೇಕಾಯಿತು. ತಟ್ಟೆ ಕಿರಿದಾದರೆ ಜಾಗ ಕಡಿಮೆ, ಜಾಗ ಕಡಿಮೆಯಾದರೆ ಜಿಬಿ ಲೆಕ್ಕದಲ್ಲಿ ಬೆಲೆ ಹೆಚ್ಚು. ಅಂದರೆ ವೇಗಕ್ಕಾಗಿ ನೀನು ಒತ್ತೆಯಿಟ್ಟದ್ದು ನಿನ್ನ ನಿಜವಾದ ಸಂಪತ್ತನ್ನೇ. 1992ರ ಬಾರಾಕುಡಾ ಹಿಡಿಸುತ್ತಿದ್ದದ್ದು ಸುಮಾರು 2 ಜಿಬಿ. ಇವತ್ತು 30 ಟಿಬಿಯ ಡಿಸ್ಕ್ ಮಾರುಕಟ್ಟೆಯಲ್ಲಿದೆ. ಜಾಗ ಹದಿನೈದು ಸಾವಿರ ಪಟ್ಟು ಬೆಳೆಯಿತು. ಸುತ್ತು ಮಾತ್ರ ಆಗಲೂ 7,200, ಈಗಲೂ 7,200. ಮೂವತ್ತು ವರ್ಷದ ಜಾಣತನವೆಲ್ಲ ಎತ್ತ ಕಡೆ ಹೋಗಿದೆ ಎಂಬುದು ಇಲ್ಲೇ ಕಾಣುತ್ತದೆ.

ಇಷ್ಟಾದರೂ ಅಂಗಡಿಯಲ್ಲಿ ‘ಇದು 5,400, ಅದು 7,200, ಇನ್ನೊಂಚೂರು ದುಡ್ಡು ಹಾಕಿದ್ರೆ ಫಾಸ್ಟು’ ಎಂಬ ಮಾತು ನಿಂತಿಲ್ಲ. 5,400ರಲ್ಲಿ ಸರಾಸರಿ ಕಾಯುವಿಕೆ 5.56 ಮಿಲಿಸೆಕೆಂಡ್, 7,200ರಲ್ಲಿ 4.17. ಸುಮಾರು 1.4 ಮಿಲಿಸೆಕೆಂಡಿಗಾಗಿ ಬಡವರ ಕೈಯಿಂದ ಹೆಚ್ಚಿನ ದುಡ್ಡು ತೆಗೆಸುವುದು ನನಗೆ ಸಹಿಸಲಾಗದ ಸಂಗತಿ. ಲೇಬಲ್ಲಿನ ಮೇಲಿನ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2020ರಲ್ಲಿ ಕೆಲವರು ‘5,400 ಕ್ಲಾಸ್’ ಎಂದು ಮಾರಿದ ಡಿಸ್ಕುಗಳ ಸದ್ದನ್ನು ರೆಕಾರ್ಡ್ ಮಾಡಿ ಅಳೆದಾಗ 120 ಹರ್ಟ್ಜ್ ಬಂತು. ಅಂದರೆ ಒಳಗೆ ತಿರುಗುತ್ತಿದ್ದದ್ದು 7,200. ಅದೇ ವರ್ಷ ಇನ್ನೊಂದು ವಿಷಯವೂ ಬಯಲಾಯಿತು. ಹೆಂಚು ಹೊದಿಸಿದಂತೆ ಸಾಲಿನ ಮೇಲೆ ಸಾಲು ಬರೆಯುವ ಎಸ್‌ಎಂಆರ್ ಡಿಸ್ಕುಗಳನ್ನು ಅದನ್ನು ತಿಳಿಸದೆಯೇ ಮಾರಿದ್ದರು. ಅವುಗಳ ಮೇಲೆ ಒಮ್ಮೆ ಬರೆದಿಟ್ಟರೆ ತೊಂದರೆಯಿಲ್ಲ, ದಿನವೂ ಅಳಿಸಿ ಬರೆಯುವ ಕೆಲಸಕ್ಕೆ ಏದುಸಿರು ಬಿಡುತ್ತವೆ. ಹಾರ್ಡ್ ಡಿಸ್ಕ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಸುತ್ತೆಷ್ಟು ಎಂದಲ್ಲ, ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಸಿಎಂಆರೋ, ಈ ಎಸ್‌ಎಂಆರೋ ಎಂದು.

ಒಂದು ಕಾಲದಲ್ಲಿ ನಿನ್ನ ಪರವಾಗಿ ವಾದಿಸುವುದಕ್ಕೆ ಅರ್ಥವಿತ್ತು, ಅದನ್ನು ಮರೆಮಾಚಲಾರೆ. 2008ರಲ್ಲಿ 300 ಜಿಬಿ ವೆಲಾಸಿರ‍್ಯಾಪ್ಟರಿನ ಬೆಲೆ ಅಮೆರಿಕದಲ್ಲಿ 300 ಡಾಲರ್. ಇಂಟೆಲ್‌ನ 80 ಜಿಬಿ ಎಸ್‌ಎಸ್‌ಡಿಗೆ ಸಗಟಿನಲ್ಲೇ 595 ಡಾಲರ್. ಜಿಬಿಗೆ ಒಂದು ಡಾಲರ್ ಎಲ್ಲಿ, ಏಳು ಡಾಲರ್ ಎಲ್ಲಿ! ಅಗ್ಗದ ಎಸ್‌ಎಸ್‌ಡಿಗಳೂ ಆಗ ಬಂದಿದ್ದವು, ಆದರೆ ಅವುಗಳಲ್ಲಿ ಹಲವು ಸಣ್ಣ ಫೈಲ್ ಬರೆಯುವಾಗ ಸೆಕೆಂಡುಗಟ್ಟಲೆ ಹ್ಯಾಂಗ್ ಆಗುತ್ತಿದ್ದವು. ಅಳಿಸಿದ ಜಾಗದ ಸುಳಿವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ವ್ಯವಸ್ಥೆ ವಿಂಡೋಸ್‌ನಲ್ಲಿ ಬಂದದ್ದೇ 2009ರ ವಿಂಡೋಸ್ 7ರ ಜೊತೆ. ಅಂಥ ಹೊತ್ತಿನಲ್ಲಿ ಕೈ ಬಿಗಿಯಿದ್ದವರು ನಿನ್ನ ಕಡೆ ನಿಂತದ್ದು ಸರಿಯಾಗಿಯೇ ಇತ್ತು. ಆದರೆ ಒಂದೇ ವರ್ಷದೊಳಗೆ, 2009ರ ಜುಲೈ ಹೊತ್ತಿಗೆ, ಅದೇ 80 ಜಿಬಿಯ ಹೊಸ ಪೀಳಿಗೆಯ ಎಸ್‌ಎಸ್‌ಡಿ 225 ಡಾಲರಿಗೆ ಇಳಿಯಿತು. 2011ರಲ್ಲಿ ಥಾಯ್ಲೆಂಡಿನ ಪ್ರವಾಹ ಹಾರ್ಡ್ ಡಿಸ್ಕ್ ಕಾರ್ಖಾನೆಗಳಿಗೆ ನುಗ್ಗಿ ಜಗತ್ತಿನಾದ್ಯಂತ ನಿನ್ನ ಬೆಲೆ ಏರಿತು. ಅತ್ತ ಫ್ಲ್ಯಾಶ್ ಅಗ್ಗವಾಗುತ್ತಲೇ ಹೋಯಿತು. 10,000 ಸುತ್ತಿನ ಡಿಸ್ಕನ್ನು ಮನೆಗೆ ತರುವುದರಲ್ಲಿದ್ದ ಅರ್ಥ ಅಲ್ಲಿಗೆ ಮುಗಿಯಿತು.

ಈಗ ಕೊಳ್ಳುವವರ ಕಡೆ ತಿರುಗಿ ಮಾತಾಡುತ್ತೇನೆ, ನೀನೂ ಕೇಳಿಸಿಕೋ.

ದುಡ್ಡು ಎಷ್ಟೇ ಕಡಿಮೆ ಇರಲಿ, ಸಿ ಡ್ರೈವ್ ಎಸ್‌ಎಸ್‌ಡಿಯ ಮೇಲಿರಬೇಕು. 240 ಅಥವಾ 256 ಜಿಬಿ ಸಾಕು. ವಿಂಡೋಸ್ 11 ಕನಿಷ್ಠ 64 ಜಿಬಿ ಜಾಗ ಕೇಳುತ್ತದೆ, ಅಪ್‌ಡೇಟುಗಳು ಕಾಲಕಾಲಕ್ಕೆ ಇನ್ನಷ್ಟು ನುಂಗುತ್ತವೆ, ಹಾಗಾಗಿ 120 ಜಿಬಿಯಲ್ಲಿ ಒದ್ದಾಟ. ಒಂದು ಟಿಬಿಯ ಹಾರ್ಡ್ ಡಿಸ್ಕ್ ಅದೇ ಬೆಲೆಗೆ ಸಿಗುತ್ತದೆ ಎಂದು ಅಂಗಡಿಯವರು ತೋರಿಸಿದಾಗ ಕೈ ಅತ್ತ ಹೋಗುವುದು ಸಹಜ. ನಾಲ್ಕು ಪಟ್ಟು ಜಾಗ ಯಾರಿಗೆ ಬೇಡ? ಆದರೆ ಡಿಟಿಪಿ ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಒಮ್ಮೆ ನೋಡಿಕೊಳ್ಳಲಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪುಟ ಕಟ್ಟಿದ ಪುಸ್ತಕವೊಂದರ ಫೈಲು ಕೆಲವೇ ಎಂಬಿ. ಲಗ್ನಪತ್ರಿಕೆ, ಕರಪತ್ರ, ಬ್ಯಾನರ್ ಎಲ್ಲ ಸೇರಿದರೂ ವರ್ಷದ ಕೆಲಸ ಚಿಕ್ಕ ಎಸ್‌ಎಸ್‌ಡಿಯ ಒಂದು ಮೂಲೆಯಲ್ಲಿ ಕೂರುತ್ತದೆ. ಅವರಿಗೆ ಕೊರತೆಯಿರುವುದು ಜಾಗದ್ದಲ್ಲ. ಗಿರಾಕಿ ಎದುರಿಗೆ ನಿಂತಿರುವಾಗ ಫೈಲ್ ತೆರೆಯಲು ಹಿಡಿಯುವ ಹೊತ್ತಿನದ್ದು.

ಮದುವೆ ವಿಡಿಯೋ ಮಾಡುವವರ ಲೆಕ್ಕ ಬೇರೆ. ಒಂದು ಮದುವೆಯ 4ಕೆ ಚಿತ್ರೀಕರಣವೇ ನೂರಾರು ಜಿಬಿ. ಅವರು ಎರಡನ್ನೂ ಇಟ್ಟುಕೊಳ್ಳಬೇಕು: ಸಿಸ್ಟಮ್ಮಿಗೂ ಎಡಿಟ್ ಮಾಡುತ್ತಿರುವ ಕೆಲಸಕ್ಕೂ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್. ಉದ್ದನೆಯ ವಿಡಿಯೋ ಫೈಲನ್ನು ಸಾಲಾಗಿ ಓದುವಾಗ ಇಂದಿನ ದೊಡ್ಡ ಹಾರ್ಡ್ ಡಿಸ್ಕ್ ಸೆಕೆಂಡಿಗೆ 200 ಎಂಬಿ ಮುಟ್ಟುತ್ತದೆ. ಅಲ್ಲಿ ನಿನ್ನ ಬಗ್ಗೆ ದೂರೇ ಇಲ್ಲ.

ಹಳೆಯ ಲ್ಯಾಪ್‌ಟಾಪ್ ಇರುವವರು ಹೊಸದಕ್ಕೆ ಸಾಲ ಮಾಡುವ ಮೊದಲು ಇದೊಂದನ್ನು ಮಾಡಿ ನೋಡಲಿ. ಹಾರ್ಡ್ ಡಿಸ್ಕನ್ನು ಬಿಚ್ಚಿ ಆ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಡಿವಿಡಿ ಡ್ರೈವ್ ಇರುವ ಯಂತ್ರವಾದರೆ ಅದನ್ನು ತೆಗೆದು ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟಿಟ್ಟು ಹಳೆಯ ಹಾರ್ಡ್ ಡಿಸ್ಕನ್ನೇ ಕೂರಿಸಬಹುದು. ಇದ್ದ ಫೈಲೆಲ್ಲ ಅಲ್ಲೇ ಇರುತ್ತವೆ. ಹಳೆಯ ಮದರ್‌ಬೋರ್ಡಿನ ಸಾಟಾ ವೇಗ ಅರ್ಧವೇ ಇದ್ದರೂ ಚಿಂತೆಯಿಲ್ಲ, ಬೇಕಾದದ್ದು ಹುಡುಕಾಟದ ವೇಗ, ಅದು ಅಲ್ಲೂ ಸಿಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ಗುಜರಿ ಹಾದಿ ಹಿಡಿದಿರುವ ಎಷ್ಟೋ ಯಂತ್ರಗಳು ಒಂದು ಚಿಕ್ಕ ಎಸ್‌ಎಸ್‌ಡಿ, ಒಂದು ಹಗುರವಾದ ಲಿನಕ್ಸ್ ಸಿಕ್ಕರೆ ಇನ್ನೂ ಹಲವು ವರ್ಷ ಮಕ್ಕಳ ಕೆಲಸಕ್ಕೆ ಬರುತ್ತವೆ. ರ‍್ಯಾಮ್ ನಾಲ್ಕೇ ಜಿಬಿ ಇದ್ದರೆ ಎಸ್‌ಎಸ್‌ಡಿಯ ಗಾತ್ರ ಒಂದು ಮೆಟ್ಟಿಲು ಇಳಿಸಿಯಾದರೂ ರ‍್ಯಾಮನ್ನು ಎಂಟಕ್ಕೆ ಏರಿಸುವುದು ಜಾಣತನ. ಎಂ.2 ಎಂಬ ಚಪ್ಪಟೆ ಎಸ್‌ಎಸ್‌ಡಿ ಕೊಳ್ಳುವವರು ಜಾಗ್ರತೆ: ನೋಡಲು ಒಂದೇ ಥರ ಇದ್ದರೂ ಸಾಟಾ ಬೇರೆ, ಎನ್‌ವಿಎಂಇ ಬೇರೆ, ಕೆಲವು ಹಳೆಯ ಲ್ಯಾಪ್‌ಟಾಪುಗಳು ಮೊದಲನೆಯದನ್ನು ಮಾತ್ರ ಒಪ್ಪುತ್ತವೆ.

2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್, ಎಸ್‌ಎಸ್‌ಡಿ ಎರಡೂ ತುಟ್ಟಿಯಾಗಿವೆ ಎಂಬುದು ನಿಜ. ಅದಕ್ಕೆ ಉತ್ತರ ಚಿಕ್ಕ ಎಸ್‌ಎಸ್‌ಡಿಯೇ ಹೊರತು ವೇಗದ ಹಾರ್ಡ್ ಡಿಸ್ಕ್ ಅಲ್ಲ.

ಎಸ್‌ಎಸ್‌ಡಿ ಎಂಬ ಹೆಸರು ಹೊತ್ತದ್ದೆಲ್ಲ ಒಳ್ಳೆಯದೇ ಎಂದು ನಾನು ಹೇಳಲಾರೆ. ಒಂದೊಂದು ಕೋಶದಲ್ಲಿ ಮೂರು ಬಿಟ್ ತುಂಬುವ ಟಿಎಲ್‌ಸಿ, ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಎಂಬ ಬಗೆಗಳಿವೆ. ಕ್ಯೂಎಲ್‌ಸಿಯಲ್ಲಿ ದೊಡ್ಡ ಫೈಲುಗಳನ್ನು ಒಂದೇ ಸಮನೆ ತುಂಬುತ್ತ ಹೋದರೆ ಮುಂಭಾಗದ ವೇಗದ ಜಾಗ ಮುಗಿದ ಮೇಲೆ ಬರೆಯುವ ವೇಗ ನಿನಗಿಂತಲೂ ಕೆಳಗೆ ಬೀಳಬಹುದು. ಬೆಲೆಯಲ್ಲಿ ತೀರಾ ವ್ಯತ್ಯಾಸವಿಲ್ಲದಿದ್ದರೆ ಟಿಎಲ್‌ಸಿ ಕೇಳಿ ಪಡೆಯಬೇಕು. ನಂಬಲಾಗದಷ್ಟು ಅಗ್ಗಕ್ಕೆ ಎರಡು ಟಿಬಿ, ನಾಲ್ಕು ಟಿಬಿ ಎಂದು ಆನ್‌ಲೈನಿನಲ್ಲಿ ಕಾಣುವ ಹೆಸರಿಲ್ಲದ ಪೋರ್ಟಬಲ್ ಎಸ್‌ಎಸ್‌ಡಿಗಳೊಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿ ಮಾರುವ ಮೋಸವೂ ಇದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿ ಮತ್ತೆ ಓದಿ ನಿಜವಾದ ಗಾತ್ರ ಹೇಳುತ್ತದೆ. ತಂದ ದಿನವೇ ಅದನ್ನು ಓಡಿಸಿ ನೋಡುವುದು ಒಳ್ಳೆಯದು.

ಬರೆದು ಬರೆದು ಎಸ್‌ಎಸ್‌ಡಿ ಸವೆದುಹೋಗುತ್ತದೆ ಎಂಬ ಭಯ ಮಾತ್ರ ಮನೆಬಳಕೆಯವರಿಗೆ ಬೇಡ. ಸ್ಯಾಮ್ಸಂಗ್ 870 ಇವೊ 250 ಜಿಬಿ ಮಾದರಿಗೆ ಕಂಪನಿ ಹೇಳುವ ಬರೆಯುವ ಮಿತಿ 150 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಅದನ್ನು ಮುಗಿಸಲು ಇಪ್ಪತ್ತು ವರ್ಷ ಬೇಕು.

ಇನ್ನು ನಿನ್ನ ಕೆಲಸ. ನಿನ್ನಿಂದ ವೇಗದ ಹೊರೆಯನ್ನು ಇಳಿಸುತ್ತಿದ್ದೇನೆಯೇ ಹೊರತು ನಿನ್ನನ್ನು ಮೂಲೆಗೆ ತಳ್ಳುತ್ತಿಲ್ಲ. ಎಸ್‌ಎಸ್‌ಡಿ ಕೆಡುವಾಗ ಬಹಳ ಸಲ ಸುಳಿವೇ ಕೊಡುವುದಿಲ್ಲ. ನಿನ್ನೆ ಇತ್ತು, ಇವತ್ತು ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಟ್ರಿಮ್ ಆದ ಮೇಲೆ ಅಳಿಸಿದ ಫೈಲು ಮರಳಿ ಸಿಗುವ ಆಸೆಯೂ ಇಲ್ಲ. ಸವೆದ ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಕೋಶಗಳ ವಿದ್ಯುದಂಶ ಮೆಲ್ಲನೆ ಸೋರುತ್ತದೆ. ಬರೆಯುವ ಮಿತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು ಎಂದು ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡವೇ ಹೇಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ 30 ಡಿಗ್ರಿ ರಾತ್ರಿಯ ಮಾತು. ಕಾಂತೀಯ ತಟ್ಟೆಯ ಮೇಲೆ ಬರೆದದ್ದಕ್ಕೆ ಈ ಸೋರಿಕೆಯಿಲ್ಲ. ಅಜ್ಜನ ಫೋಟೋ, ಅಮ್ಮನ ಹಾಡಿನ ರೆಕಾರ್ಡಿಂಗ್, ಜಮೀನಿನ ಪತ್ರಗಳ ಸ್ಕ್ಯಾನು, ಯಾರೋ ಕೂತು ಪುಟ ಪುಟ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು, ಇವೆಲ್ಲ ನಿನ್ನ ಬಳಿಯೇ ಇರಬೇಕು.

ಅದಕ್ಕೆ ನೀನು 7,200 ತಿರುಗಬೇಕಿಲ್ಲ. 5,400 ಸಾಕು: ಬಿಸಿ ಕಡಿಮೆ, ಸದ್ದು ಕಡಿಮೆ, ಕರೆಂಟು ಕಡಿಮೆ. ನಿನ್ನನ್ನು ಕೊಳ್ಳುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಎಷ್ಟು ಗಂಟೆ ಓಡಿದ್ದೀಯ ಎಂದು ಮೊದಲೇ ನೋಡಲಿ, ಹೊಸದೆಂದು ಹಳೆಯದನ್ನು ಕಟ್ಟುವವರಿದ್ದಾರೆ. ಆ ಗಂಟೆಗಳನ್ನು ಅಳಿಸಿ ಸೊನ್ನೆಗೆ ತರುವವರೂ ಇರುವುದರಿಂದ ವಾರಂಟಿಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಕೊಟ್ಟು ಖಚಿತಪಡಿಸಿಕೊಳ್ಳಲಿ. ತಿಂಗಳಿಗೊಮ್ಮೆ ನಿನ್ನನ್ನು ಜೋಡಿಸಿ ಹೊಸ ಫೈಲುಗಳನ್ನು ಸೇರಿಸಿ, ನಾಲ್ಕು ಹಳೆಯ ಫೈಲು ತೆರೆದು ನೋಡಿ, ಮತ್ತೆ ವೈರು ಕಳಚಿಡಲಿ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ಸು ಕಂಪ್ಯೂಟರಿಗೆ ನುಗ್ಗಿದರೂ ಕಳಚಿಟ್ಟ ನಿನ್ನನ್ನು ಮುಟ್ಟಲಾರದು. ಅನುಕೂಲವಿದ್ದವರು ನಿನ್ನ ಜೊತೆಗಾರ ಇನ್ನೊಬ್ಬನನ್ನು ಕೊಂಡು ಅದೇ ಫೈಲುಗಳನ್ನು ಅವನಿಗೂ ತುಂಬಿ, ಅವನನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಲಿ.

ಇತಿ,
ನಿನ್ನಿಂದ ಬಹಳ ಕೆಲಸ ಮಾಡಿಸಿಕೊಂಡ ಒಬ್ಬ ಬಳಕೆದಾರ